‘ರುಚಿಗೆ ತಕ್ಕಷ್ಟು’ ಅಂದ್ರ ಎಷ್ಟು? ಮೊದಲ ಸಲ ಒಲೆ ಹಚ್ಚುವವರ ಮಧ್ಯಾಹ್ನದ ಊಟ

ಮನೆಯಲ್ಲಿ ಅಡುಗೆ ಮಾಡುವವರು ನಾಲ್ಕು ದಿನ ಊರಲ್ಲಿ ಇಲ್ಲ ಅಂದ್ರೆ ಉಳಿದವರು ಬೆಳಗ್ಗೆ ಹೇಗೋ ಸುಧಾರಿಸುತ್ತಾರೆ. ಚಹಾ ಆಗುತ್ತೆ, ಜೊತೆಗೆ ಟೋಸ್ಟೋ ಬಿಸ್ಕೀಟೋ ಇರುತ್ತೆ. ರಾತ್ರಿಗೆ ಯಾರಾದರೂ ಊಟಕ್ಕೆ ಕರೀತಾರೆ, ಇಲ್ಲಾಂದ್ರೆ ಹಾಲು ಕುಡಿದು ಮಲಗಬಹುದು. ಪೆಟ್ಟು ಬೀಳೋದು ಮಧ್ಯಾಹ್ನದ ಊಟಕ್ಕೆ. ಒಂದು ಗಂಟೆಗೆ ಹಸಿವಾದಾಗ ಅಡುಗೆಮನೆಯಲ್ಲಿ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಯಾವುದರಲ್ಲಿ ಏನಿದೆ ಗೊತ್ತಿಲ್ಲ. ಆಗ ಕೈ ಹೋಗೋದು ಚೂಡಾಕ್ಕೆ, ಕಾಲು ಹೋಗೋದು ಮಿರ್ಚಿ ಭಜಿ ಅಂಗಡಿಗೆ. ಬೆಂಗಳೂರಿನಲ್ಲಾದರೆ ಬೆರಳು ಮೊಬೈಲಿಗೆ ಹೋಗುತ್ತೆ, ಅಷ್ಟೇ ವ್ಯತ್ಯಾಸ.

ಈ ಲೇಖನ ಅಂಥವರಿಗಾಗಿ. ಹೊಸದಾಗಿ ಕೆಲಸಕ್ಕೆ ಸೇರಿ ಪಿಜಿ ಬಿಟ್ಟು ರೂಮು ಮಾಡಿದ ಹುಡುಗರು, ಹುಡುಗಿಯರು ಇದ್ದಾರೆ. ಮನೆಯಿಂದಲೇ ಕೆಲಸ ಮಾಡುತ್ತಾ ಎರಡು ಮೀಟಿಂಗುಗಳ ನಡುವೆ ಅರ್ಧ ಗಂಟೆ ಸಿಗುವವರಿದ್ದಾರೆ. ಇವರ ಜೊತೆ ನಾವು ಲೆಕ್ಕಕ್ಕೇ ಹಿಡಿಯದ ಇನ್ನೊಂದು ಗುಂಪಿದೆ: ಅರವತ್ತು ದಾಟಿದ, ಜೀವಮಾನದಲ್ಲಿ ಒಲೆ ಹಚ್ಚದ ನಮ್ಮ ಅಪ್ಪಂದಿರು.

ಬಾಣಂತನ ಮಗಳಿಗೆ, ಫಜೀತಿ ಅಪ್ಪನಿಗೆ

ನಮ್ಮೂರು ಹೊಳೆಮಣ್ಣೂರು, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿದೆ. ಹೋದ ವರ್ಷ ತಂಗಿಯ ಬಾಣಂತನಕ್ಕೆ ಅವ್ವ ಬೆಂಗಳೂರಿಗೆ ಬಂದಳು. ಊರಲ್ಲಿ ಹೊಲ, ಎರಡು ಎಮ್ಮೆ ಬಿಟ್ಟು ಅಪ್ಪ ಬರುವಂತಿರಲಿಲ್ಲ. ಮೂರು ತಿಂಗಳ ಮಾತು. ಓಣಿಯಲ್ಲಿ ಯಾರೂ ಉಪವಾಸ ಬಿಡುವವರಲ್ಲ. ಎದುರು ಮನೆಯ ಚಿಗವ್ವ ದಿನಾ ರೊಟ್ಟಿ ಕಳಿಸಿದಳು. ಆದರೆ ಹತ್ತು ದಿನ ಆದ ಮೇಲೆ ಅಪ್ಪನಿಗೇ ಸಂಕೋಚ ಶುರುವಾಯ್ತು. “ಅವರ ಮನ್ಯಾಗೂ ಕೆಲಸ ಇರ್ತಾವ, ದಿನಾ ಹ್ಯಾಂಗ ಇಸಗೊಳ್ಳೂದು?” ಅಂತ ಹೇಳಿ, “ನನ್ನ ಊಟ ಆಗೇತಿ” ಅಂತ ಸುಳ್ಳು ಹೇಳಲು ಶುರುಮಾಡಿದರು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿ, ಮಧ್ಯಾಹ್ನ ಊಟ ಬಿಟ್ಟು, ಒಂದು ದಿನ ಹೊಲದ ಬದುವಿನಲ್ಲಿ ಮೈಯೆಲ್ಲ ಬೆವತು, ಕೈ ನಡುಗಿ ಕೂತುಬಿಟ್ಟರು. ಪಕ್ಕದ ಹೊಲದವರು ಬೆಲ್ಲದ ನೀರು ಕುಡಿಸಿದ್ದಕ್ಕೆ ಸರಿಹೋಯ್ತು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು, ಇನ್ಸುಲಿನ್ನನ್ನು ತಗೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತೆ. ಬೆವರು, ನಡುಕ, ತಲೆಸುತ್ತು, ಮಾತು ತಡವರಿಸೋದು ಅದರ ಲಕ್ಷಣ. ಎಚ್ಚರ ಇರುವಾಗಲೇ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಬೇಕು, ಆಮೇಲೆ ಡಾಕ್ಟರಿಗೆ ತಿಳಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ವಿಷಯ ತಿಳಿದ ಅವ್ವ ಬ್ಯಾಗು ತುಂಬಿಕೊಳ್ಳತೊಡಗಿದಳು. ಆರು ವಾರದ ಕೂಸು, ಸಿಸೇರಿಯನ್ ಆದ ಮಗಳು ಒಂದು ಕಡೆ, ಒಬ್ಬರೇ ಇರುವ ಗಂಡ ಇನ್ನೊಂದು ಕಡೆ. ಒಬ್ಬ ಮನುಷ್ಯನಿಗೆ ಮಧ್ಯಾಹ್ನದ ಒಂದು ಊಟ ಮಾಡಿಕೊಳ್ಳಲು ಬಾರದ್ದಕ್ಕೆ ಇಡೀ ಮನೆ ಎರಡು ಊರಿನ ನಡುವೆ ಸಿಕ್ಕಿಕೊಂಡಿತ್ತು. ಅವತ್ತು ಸಂಜೆ ನಾನು ಅಪ್ಪನಿಗೆ ಫೋನ್ ಮಾಡಿ, “ನೀವ ಅಡಿಗಿ ಕಲೀರಿ, ನಾ ಹೇಳಿಕೊಡ್ತೀನಿ” ಅಂದೆ. ಅವರು ಬೇಡ ಅನ್ನಲಿಲ್ಲ. ಒಂದೇ ತಕರಾರು ತೆಗೆದರು: “ತಮ್ಮಾ, ಯೂಟ್ಯೂಬಿನ್ಯಾಗ ನೋಡೀನಿ. ಎಲ್ಲಾರೂ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತಾರ. ರುಚಿ ತಿಳಿಯೂದು ಬೆಂದ ಮ್ಯಾಲೆ. ಉಪ್ಪು ಹಾಕೂದು ಬೇಯೂದಕ್ಕಿಂತ ಮೊದ್ಲ. ಮತ್ತ ಹ್ಯಾಂಗ?”

ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ನಾವು ಖುಷಿಪಡ್ತೀವಿ. ‘ರುಚಿಗೆ ತಕ್ಕಷ್ಟು’, ‘ಹದವಾಗಿ’, ‘ಬೇಕಾದಷ್ಟು ನೀರು’ ಇವೆಲ್ಲ ಅಡುಗೆ ಬಂದವರಿಗೆ ಮಾತ್ರ ಅರ್ಥವಾಗುವ ಅಳತೆಗಳು. ಹಾಗಾಗಿ ಅವ್ವನನ್ನು ಕೂರಿಸಿಕೊಂಡು, ಅವಳ ಕೈಯಳತೆಯನ್ನು ಚಮಚಕ್ಕೆ, ವಾಟಿಗೆ ಇಳಿಸಿ ಬರೆದುಕೊಂಡೆ. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಹಗುರ ಇರಬೇಕು, ಹೊಟ್ಟೆಯೂ ತುಂಬಬೇಕು

ಎರಡೂ ಒಟ್ಟಿಗೆ ಆಗುತ್ತಾ? ಆಗುತ್ತೆ. ಬಿಳಿ ಅನ್ನಕ್ಕೆ ತಿಳಿಸಾರು ಹಾಕಿ ಎರಡು ತಟ್ಟೆ ಉಂಡರೂ ನಾಲ್ಕು ಗಂಟೆಗೆ ಮತ್ತೆ ಹಸಿವು. ಎಣ್ಣೆಯಲ್ಲಿ ಕರಿದದ್ದು ತಿಂದರೆ ಹಸಿವಾಗಲ್ಲ, ಆದರೆ ಕಣ್ಣು ಎಳೆಯುತ್ತೆ. ನಡುವಿನ ದಾರಿ ಅಂದ್ರೆ ನಾರು, ಪ್ರೋಟೀನು, ನೀರು ಮೂರೂ ಇರುವ ಊಟ. ನಾರು ಊಟ ಕರಗೋದನ್ನು ನಿಧಾನ ಮಾಡುತ್ತೆ, ಪ್ರೋಟೀನು ಹಸಿವನ್ನು ದೂರ ಇಡುತ್ತೆ, ನೀರಿನಂಶ ಹೊಟ್ಟೆಯನ್ನು ಭಾರವಾಗದಂತೆ ತುಂಬಿಸುತ್ತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ. ಪ್ರೋಟೀನು ಅಕ್ಕಿಯಲ್ಲಿ 8 ಗ್ರಾಂ, ಜೋಳದಲ್ಲಿ 10, ಕಡಲೆಬೇಳೆಯಲ್ಲಿ 21ರ ಮೇಲೆ, ಹೆಸರುಬೇಳೆ ಮತ್ತು ಶೇಂಗಾದಲ್ಲಿ 24ರ ಆಸುಪಾಸು. ನಮ್ಮ ಎರೆಹೊಲಗಳಲ್ಲಿ ಬೆಳೆಯೋದೂ ಇವೇ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಅಪ್ಪ ಜೀವನವಿಡೀ ಬೆಳೆದದ್ದನ್ನೇ ಕುಕ್ಕರಿಗೆ ಹಾಕಲು ಕಲಿಯಬೇಕಿತ್ತು, ಅಷ್ಟೇ.

ಮೊದಲು ಸಾಮಾನು

ಮೂರು ಲೀಟರಿನ ಒಂದು ಕುಕ್ಕರ್, ಒಂದು ದಪ್ಪ ತಳದ ಬೋಗುಣಿ, ಒಂದು ಸೌಟು, ಒಂದು ಚಾಕು, ಇಕ್ಕಳ. ಅಳತೆಗೆ ಒಂದು ಸ್ಟೀಲ್ ವಾಟಿ (ಸುಮಾರು 150 ಮಿ.ಲೀ. ಹಿಡಿಯುವಂಥದ್ದು) ಮತ್ತು ಒಂದು ಚಹಾ ಚಮಚ. ಇವೆರಡನ್ನೂ ಬದಲಿಸಬೇಡಿ. ವಾಟಿ ಬದಲಾದರೆ ಲೆಕ್ಕವೇ ಬದಲಾಗುತ್ತೆ. ಚಮಚ ಅಂದಾಗಲೆಲ್ಲ ಗೋಪುರ ಮಾಡದೆ ಸಪಾಟಾಗಿ ಅಂತ ತಿಳೀರಿ.

ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿ. ಕಡಲೆಹಿಟ್ಟು ಯಾವುದು, ಜೋಳದ ಹಿಟ್ಟು ಯಾವುದು ಅಂತ ಗೊತ್ತಾಗದಿದ್ದರೆ ಝುಣಕ ಆಗಲ್ಲ, ಅಂಟು ಆಗುತ್ತೆ.

ಕುಕ್ಕರ್ ಬಗ್ಗೆ ಮೂರು ಮಾತು. ಬೇಳೆ, ಕಾಳು, ನುಚ್ಚು ಹಾಕಿದಾಗ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೊರೆ ಬಂದು ರಂಧ್ರ ಕಟ್ಟಿಕೊಳ್ಳುತ್ತೆ. ಪ್ರತಿ ಸಲ ಮುಚ್ಚುವ ಮೊದಲು ಸೀಟಿ ಕೂರುವ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಾಣಬೇಕು. ಸೀಟಿ ಆದ ಮೇಲೆ ಒತ್ತಡ ತಾನಾಗಿ ಇಳಿಯೋ ತನಕ ಮುಚ್ಚಳಕ್ಕೆ ಕೈ ಹಚ್ಚಬೇಡಿ.

ಕೆಳಗಿನ ಅಳತೆಗಳೆಲ್ಲ ಒಬ್ಬರಿಗೆ.

1. ಹೆಸರುಬ್ಯಾಳಿ ಕಿಚಡಿ: ಮೊದಲ ಪಾಠ

ಅಕ್ಕಿ ಅರ್ಧ ವಾಟಿ, ಹೆಸರುಬೇಳೆ ಅರ್ಧ ವಾಟಿ. ಎರಡನ್ನೂ ಸೇರಿಸಿ ಮೂರು ಸಲ ತೊಳೀರಿ. ಕುಕ್ಕರಿನಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಅರ್ಧ ಚಮಚ ಜೀರಿಗೆ ಹಾಕಿ. ಅದು ಚಟಪಟ ಅಂದ ಮೇಲೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಸೀಳಿದ ಒಂದು ಹಸಿಮೆಣಸಿನಕಾಯಿ ಹಾಕಿ ಎರಡು ನಿಮಿಷ ಆಡಿಸಿ. ತೊಳೆದ ಅಕ್ಕಿ–ಬೇಳೆ, ಕಾಲು ಚಮಚ ಅರಿಶಿನ, ಅರ್ಧ ಚಮಚ ಉಪ್ಪು, ನಾಲ್ಕು ವಾಟಿ ನೀರು. ಮನೆಯಲ್ಲಿ ಗಜ್ಜರಿ, ಬೀನ್ಸ್, ಮೆಂತೆ ಸೊಪ್ಪು ಏನಿದ್ದರೂ ಒಂದು ಹಿಡಿ ಹಾಕಬಹುದು. ಮಧ್ಯಮ ಉರಿಯಲ್ಲಿ ನಾಲ್ಕು ಸೀಟಿ.

ತೆಗೆದಾಗ ತೆಳ್ಳಗೆ ಕಂಡರೆ ಹೆದರಬೇಡಿ, ಐದು ನಿಮಿಷದಲ್ಲಿ ಗಟ್ಟಿಯಾಗುತ್ತೆ. ಈ ಅಡುಗೆಯಲ್ಲಿ ಕೆಡಿಸಲು ಹೆಚ್ಚೇನೂ ಇಲ್ಲ, ಅದಕ್ಕೇ ಇದು ಮೊದಲು. ಎರಡನೇ ಸಲ ಮಾಡುವಾಗ ಅಕ್ಕಿ ಕಾಲು ವಾಟಿ, ಬೇಳೆ ಮುಕ್ಕಾಲು ವಾಟಿ ಮಾಡಿ ನೋಡಿ. ಹೊಟ್ಟೆ ಇನ್ನೂ ಹೆಚ್ಚು ಹೊತ್ತು ತಡೆಯುತ್ತೆ.

2. ಕಟಕ ರೊಟ್ಟಿ ಮತ್ತು ಝುಣಕ

ಹೊಸಬರು ರೊಟ್ಟಿ ಬಡಿಯಲು ಹೋಗಬೇಡಿ. ಅದು ವರ್ಷಗಟ್ಟಲೆ ಕೈಗೆ ಬಂದ ವಿದ್ಯೆ. ಕಟಕ ರೊಟ್ಟಿ ಕೊಂಡು ತನ್ನಿ. ಹುಬ್ಬಳ್ಳಿ, ಗದಗ, ಗಜೇಂದ್ರಗಡದ ಕಡೆ ಅನೇಕ ಹೆಣ್ಣುಮಕ್ಕಳು ರೊಟ್ಟಿ ಮಾಡಿ ಮಾರಿಯೇ ಸಂಸಾರ ನಡೆಸುತ್ತಿದ್ದಾರೆ, ಬೆಂಗಳೂರಿನಲ್ಲೂ ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಸಿಗುತ್ತೆ. ನೀರಿನಂಶ ಪೂರ್ತಿ ಹೋಗಿರೋದರಿಂದ ಒಣ ಡಬ್ಬಿಯಲ್ಲಿ ವಾರಗಟ್ಟಲೆ ಕೆಡಲ್ಲ. 2019ರಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಬೇರೆ ಊರುಗಳ ಜನ ಮೊದಲು ಕಟ್ಟಿ ಕಳಿಸಿದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ. ಒಲೆಯೇ ಇಲ್ಲದ ಜಾಗದಲ್ಲೂ ಹೊಟ್ಟೆ ತುಂಬಿಸುವ ಊಟ ಅದು. ಹಲ್ಲಿಗೆ ಗಟ್ಟಿ ಅನಿಸಿದರೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಡಿ, ಮೆತ್ತಗಾಗುತ್ತೆ.

ಝುಣಕಕ್ಕೆ ಕಡಲೆಹಿಟ್ಟು ಅರ್ಧ ವಾಟಿ. ಗುಟ್ಟು ಒಂದೇ: ಹಿಟ್ಟನ್ನು ಬಿಸಿನೀರಿಗೆ ಸುರಿಯಬೇಡಿ, ಗಂಟಾಗುತ್ತೆ. ಮೊದಲೇ ಒಂದೂವರೆ ವಾಟಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿ. ಕಾಲು ಚಮಚ ಉಪ್ಪು, ಮೇಲೊಂದು ಚಿಟಿಕೆ, ಕಾಲು ಚಮಚ ಅರಿಶಿನ ಅದರಲ್ಲೇ ಹಾಕಿ. ಬೋಗುಣಿಯಲ್ಲಿ ಮೂರು ಚಮಚ ಎಣ್ಣೆ, ಕಾಲು ಚಮಚ ಸಾಸಿವೆ, ಕಾಲು ಚಮಚ ಜೀರಿಗೆ, ಜಜ್ಜಿದ ನಾಲ್ಕು ಎಸಳು ಬಳ್ಳೊಳ್ಳಿ, ಎರಡು ಹಸಿಮೆಣಸಿನಕಾಯಿ, ಕರಿಬೇವು, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಉರಿ ಸಣ್ಣ ಮಾಡಿ, ಕಲಸಿದ ಹಿಟ್ಟು ಸುರಿದು ಕೈ ಬಿಡದೆ ತಿರುವಿ. ಎರಡು ನಿಮಿಷಕ್ಕೆ ಗಟ್ಟಿಯಾಗುತ್ತೆ. ಆಗಲೇ ಇಳಿಸಿದರೆ ಹಸಿ ವಾಸನೆ ಉಳಿಯುತ್ತೆ. ಮುಚ್ಚಿ, ನಡುವೆ ಎರಡು ಸಲ ತಿರುವುತ್ತಾ ಇನ್ನೂ ಆರು ನಿಮಿಷ ಬೇಯಿಸಿ. ಕೊನೆಗೆ ಕೊತ್ತಂಬರಿ.

ಒಟ್ಟು ಹದಿನೈದು ನಿಮಿಷ. ಎರಡು ರೊಟ್ಟಿಗೆ ಬೇಕಾದಷ್ಟು ಆಗುತ್ತೆ.

3. ಹೆಸರುಕಾಳಿನ ಪಲ್ಯ

ಇದಕ್ಕೆ ಹಿಂದಿನ ರಾತ್ರಿಯ ನೆನಪು ಬೇಕು. ಮಲಗುವ ಮುಂಚೆ ಅರ್ಧ ವಾಟಿ ಹೆಸರುಕಾಳು ತೊಳೆದು ಎರಡು ವಾಟಿ ನೀರಿನಲ್ಲಿ ನೆನೆಹಾಕಿ. ಮಧ್ಯಾಹ್ನ ಆ ನೀರು ಚೆಲ್ಲಿ, ಕಾಳಿಗೆ ಒಂದು ವಾಟಿ ಹೊಸ ನೀರು ಹಾಕಿ ಕುಕ್ಕರಿನಲ್ಲಿ ಒಂದೇ ಸೀಟಿ. ಮೂರು ಸೀಟಿ ಮಾಡಿದರೆ ಪಲ್ಯದ ಬದಲು ಬ್ಯಾಳಿ ಉಣ್ಣಬೇಕಾಗುತ್ತೆ.

ಬೋಗುಣಿಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಒಂದು ಟೊಮೆಟೊ. ಟೊಮೆಟೊ ಕರಗಿದ ಮೇಲೆ ಅರ್ಧ ಚಮಚ ಕೆಂಪು ಖಾರ, ಕಾಲು ಚಮಚ ಉಪ್ಪು, ಬೆಂದ ಕಾಳು ನೀರಿನ ಸಮೇತ. ಮೂರು ನಿಮಿಷ ಕುದಿಸಿ, ಮೂರು ಚಮಚ ಶೇಂಗಾ ಪುಡಿ ಸೇರಿಸಿ ಇಳಿಸಿ. ರೊಟ್ಟಿ, ಚಪಾತಿ, ಅನ್ನ ಯಾವುದಕ್ಕೂ ಒಗ್ಗುತ್ತೆ. ಇದೇ ರೀತಿ ಮಡಿಕೆಕಾಳೂ ಮಾಡಬಹುದು.

4. ಜೋಳದ ನುಚ್ಚು, ಮಜ್ಜಿಗೆ

ಬೇಸಿಗೆಗೆ ಇದನ್ನು ಮೀರಿಸುವ ಊಟ ಇಲ್ಲ. ಮುಕ್ಕಾಲು ವಾಟಿ ಜೋಳದ ನುಚ್ಚನ್ನು ತೊಳೆದು ಒಂದು ಗಂಟೆ ನೆನೆಯಿಡಿ. ನೀರು ಬಸಿದು, ಹೊಸದಾಗಿ ಮೂರು ವಾಟಿ ನೀರು, ಕಾಲು ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಐದು ಸೀಟಿ. ಆರಿದ ಮೇಲೆ ಒಂದು ವಾಟಿ ಮೊಸರನ್ನು ಅಷ್ಟೇ ನೀರಿನಲ್ಲಿ ಕಡೆದು ಸೇರಿಸಿ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಪುಡಿ.

ನುಚ್ಚು ಊರಲ್ಲಿ ಗಿರಣಿಯಲ್ಲಿ ಒಡೆಸಬಹುದು. ನಗರದಲ್ಲಿ ಸಿರಿಧಾನ್ಯದ ಅಂಗಡಿಗಳಲ್ಲಿ ಜೋಳದ ರವೆ ಅಂತ ಸಿಗುತ್ತೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ಇಂಥ ಪೊಟ್ಟಣಗಳಿಗೆ ಮಾಲ್‌ಗಳಲ್ಲೂ ಜಾಗ ಸಿಕ್ಕಿದೆ. ನಮ್ಮ ಕಡೆ ಇದು ಬಡವರ ಊಟ ಅನಿಸಿಕೊಂಡಿತ್ತು ಅನ್ನೋದು ಬೇರೆ ಮಾತು.

5. ಸುಸಲ: ಎಂಟು ನಿಮಿಷ

ಮೀಟಿಂಗ್ ಮುಗಿದದ್ದು 1:50ಕ್ಕೆ, ಮುಂದಿನದು 2:15ಕ್ಕೆ ಅನ್ನುವವರಿಗೆ. ಎರಡು ದೊಡ್ಡ ಬೊಗಸೆ ಚುರುಮರಿಯನ್ನು ನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಎರಡೂ ಕೈಯಿಂದ ಹಿಂಡಿ ತೆಗೀರಿ. ಬೋಗುಣಿಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಒಂದು ಹಿಡಿ ಶೇಂಗಾ ಕೆಂಪಗೆ ಮಾಡಿ. ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು, ಉಳ್ಳಾಗಡ್ಡಿ, ಚಿಟಿಕೆ ಅರಿಶಿನ. ಚುರುಮರಿ ಹಾಕಿ ಕಲಸಿ, ಆರು ಚಮಚ ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ. ಉಪ್ಪು ಒಂದೇ ಚಿಟಿಕೆ. ಚುರುಮರಿಯಲ್ಲಿ ಸಾಮಾನ್ಯವಾಗಿ ಮೊದಲೇ ಉಪ್ಪಿರುತ್ತೆ.

ಬರೀ ಚುರುಮರಿ ಗಾಳಿಯಂತೆ, ಒಂದು ಗಂಟೆಗೆ ಕರಗುತ್ತೆ. ಶೇಂಗಾ, ಪುಟಾಣಿ, ಪಕ್ಕದಲ್ಲಿ ಒಂದು ವಾಟಿ ಮೊಸರು ಸೇರಿದಾಗಲೇ ಅದು ಊಟ.

6. ಒಲೆಯೇ ಬೇಡದ ದಿನ

ಗ್ಯಾಸ್ ಮುಗಿದಿದೆ ಅಥವಾ ಮನಸ್ಸಿಲ್ಲ. ಒಂದು ವಾಟಿ ಮಧ್ಯಮ ಅವಲಕ್ಕಿ ತೊಳೆದು ಬಸಿದು ಹತ್ತು ನಿಮಿಷ ಬಿಡಿ. ಒಂದು ವಾಟಿ ಮೊಸರು, ಹೆಚ್ಚಿದ ಸೌತೆಕಾಯಿ, ಹುರಿದ ಶೇಂಗಾ, ಕಾಲು ಚಮಚ ಉಪ್ಪು. ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣುವುದಾದರೆ ಉಪ್ಪು ಅರ್ಧಕ್ಕೆ ಇಳಿಸಿ.

ಹಸೀದು ಮರೀಬೇಡಿ

ಮೇಲಿನ ಯಾವುದೇ ಊಟಕ್ಕೆ ಗಂಗಾಳದಲ್ಲಿ ಇನ್ನೊಂದು ಮೂಲೆ ತುಂಬಬೇಕು: ಹಸಿ ತರಕಾರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಗಡ್ಡೆ, ಹಣ್ಣು ಇರಲಿ ಅನ್ನುತ್ತೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ರೊಟ್ಟಿಯ ಜೊತೆ ಹಕ್ಕರಕಿ, ಮೆಂತೆ ಸೊಪ್ಪು, ಮೂಲಂಗಿ, ಸೌತೆಕಾಯಿ ಕಡಿದುಕೊಂಡು ಉಂಡವರೇ ನಾವು. ಅಡುಗೆ ಬಾರದವರಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ? ತೊಳೆದರೆ ಆಯ್ತು. ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಂದ್ರೆ ಮೆಂತೆ, ಉಳ್ಳಾಗಡ್ಡಿ, ಸೌತೆಕಾಯಿ ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ಚಿಟಿಕೆ ಉಪ್ಪು ಕಲಸಿ. ಪಚಡಿ ತಯಾರು.

ಉಪ್ಪಿನ ಬಗ್ಗೆ ಇಷ್ಟು ಲೆಕ್ಕ ಯಾಕೆ ಅಂದ್ರೆ, ದಿನಕ್ಕೆ ಒಬ್ಬರಿಗೆ 5 ಗ್ರಾಂ ಸಾಕು ಅನ್ನುತ್ತೆ ಅದೇ ಮಾರ್ಗಸೂಚಿ. ಅಂದ್ರೆ ಹೆಚ್ಚುಕಮ್ಮಿ ಒಂದು ಚಹಾ ಚಮಚ, ಇಡೀ ದಿನಕ್ಕೆ. ಚಟ್ನಿ ಪುಡಿ, ಉಪ್ಪಿನಕಾಯಿ, ಚೂಡಾ ಎಲ್ಲವೂ ಅದರೊಳಗೇ ಬರಬೇಕು.

ಉಳಿದದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್ ಇಲ್ಲದವರು ಒಂದು ಹೊತ್ತಿಗಾಗುವಷ್ಟೇ ಮಾಡಿ. ಅಳತೆಗಳನ್ನು ಒಬ್ಬರಿಗೆ ಅಂತ ಕೊಟ್ಟದ್ದು ಅದಕ್ಕೇ.

ಮೂರು ತಿಂಗಳಲ್ಲಿ ಆದದ್ದು

ಅಪ್ಪನಿಗಾಗಿ ನಾನು ದೊಡ್ಡ ಅಕ್ಷರದಲ್ಲಿ ಬರೆದ ಹಾಳೆಗಳ ಫೋಟೊ ಕಳಿಸಿದೆ. ಅವರು ಹೊಳೆಆಲೂರಿಗೆ ಹೋದಾಗ ಪ್ರಿಂಟ್ ತೆಗೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಸೋಮವಾರ ಕಿಚಡಿ, ಮಂಗಳವಾರ ರೊಟ್ಟಿ–ಝುಣಕ, ಬುಧವಾರ ನುಚ್ಚು, ಗುರುವಾರ ಹೆಸರುಕಾಳು, ಶುಕ್ರವಾರ ಮತ್ತೆ ಕಿಚಡಿ, ಶನಿವಾರ ಸುಸಲ. ಭಾನುವಾರ ಚಿಗವ್ವನ ಮನೆಯಲ್ಲಿ ಊಟ, ಅದನ್ನು ಬಿಡಬಾರದು ಅಂತ ಅವ್ವನ ಕಟ್ಟುನಿಟ್ಟು. ವಾರಕ್ಕೊಂದು ದಿನದ ಊಟಕ್ಕೆ ಸಂಕೋಚ ಇರಲ್ಲ, ಸಂಬಂಧ ಇರುತ್ತೆ.

ಅವರ ಸಕ್ಕರೆ ಕಾಯಿಲೆ ವಾಸಿಯಾಯ್ತು ಅಂತ ನಾನು ಹೇಳಲ್ಲ. ಮಾತ್ರೆ ಇದ್ದಷ್ಟೇ ಇದೆ, ಡಾಕ್ಟರ ಹತ್ತಿರ ಹೋಗೋದೂ ಇದೆ. ಆದರೆ ಮಾತ್ರೆ ನುಂಗಿ ಊಟ ಬಿಡೋದು ನಿಂತಿತು. ಅವ್ವ ಬ್ಯಾಗನ್ನು ಮತ್ತೆ ಮಂಚದ ಕೆಳಗೆ ಇಟ್ಟು, ಮೊಮ್ಮಗಳ ಎಣ್ಣೆನೀರು ನೋಡಿಕೊಂಡು, ಹೇಳಿದ ದಿನಕ್ಕೇ ಊರಿಗೆ ಹೊರಟಳು. ಊರಿಗೆ ಹೋದ ಮೊದಲ ದಿನ ಅವಳು ಹೊಲದಿಂದ ಬರುವಾಗ ಝುಣಕ ತಯಾರಿತ್ತಂತೆ. “ಉಪ್ಪು ಕಮ್ಮಿ ಆಗೇತಿ” ಅಂದಳಂತೆ ಅವ್ವ. “ಗ್ವಾಡಿ ಮ್ಯಾಲೆ ಬರದದ್ದ ಅಷ್ಟ” ಅಂದರಂತೆ ಅಪ್ಪ.

ಒಂದು ಕಾಲದಲ್ಲಿ ಧಾರವಾಡದಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಹೋಗುತ್ತಿತ್ತು. ಡ್ರೈವರಿನ ಹಿಂದೆ ಬುತ್ತಿ ಗಂಟುಗಳ ಸಾಲು. ಈಗ ಮಕ್ಕಳು ಬುತ್ತಿ ತಲುಪದಷ್ಟು ದೂರ ಹೋಗಿದ್ದೀವಿ, ತಂದೆತಾಯಿ ಅಲ್ಲೇ ಉಳಿದಿದ್ದಾರೆ. ನಮ್ಮಿಂದ ಅವರಿಗೆ ದಿನಾ ಊಟ ಕಳಿಸಲು ಆಗಲ್ಲ, ಅಳತೆ ಬರೆದು ಕಳಿಸಲು ಆಗುತ್ತೆ.

ನಿಮ್ಮ ಮನೆಯಲ್ಲೂ ಅಡುಗೆ ಒಬ್ಬರ ಕೈಯಲ್ಲೇ ಇದ್ದರೆ, ಈ ವಾರ ಅವರ ಜೊತೆ ಅರ್ಧ ಗಂಟೆ ಒಲೆ ಮುಂದೆ ನಿಲ್ಲಿ. ಅವರು ಚಿಟಿಕೆ, ಹಿಡಿ, ಅಂದಾಜು ಅಂದಾಗಲೆಲ್ಲ ಚಮಚ ಹಿಡಿದು ಅಳೆದು ಬರೆದುಕೊಳ್ಳಿ. ನಿಮ್ಮ ಮನೆಯ ವಾಟಿ, ನಿಮ್ಮ ಮನೆಯ ಕುಕ್ಕರು, ನಿಮ್ಮ ಮನೆಯ ಉಪ್ಪು. ಹಾಳೆಯನ್ನು ಅಡುಗೆಮನೆಯ ಗೋಡೆಗೆ, ಕನ್ನಡಕ ಇಲ್ಲದೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಬೇಕಾಗುವ ದಿನ ಯಾವಾಗ ಬರುತ್ತೋ ಯಾರಿಗೆ ಗೊತ್ತು?